ಸಂಬಳಕ್ಕೆ ಬದಲು ಮೀನಿನ ಪುಸ್ತಕ: ಒಂದು ಪುಟ್ಟ ವಿಜ್ಞಾನ ಸಂಘದ ಲೆಕ್ಕ ಓದುವುದು ಹೇಗೆ?

1687ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ತನ್ನ ಗುಮಾಸ್ತನಿಗೆ ಸಂಬಳ ಕೊಡಲು ದುಡ್ಡಿಲ್ಲದೆ, 50 ಪೌಂಡ್ ಬದಲಿಗೆ ಮೀನುಗಳ ಬಗ್ಗೆ ಬರೆದ ಒಂದು ಪುಸ್ತಕದ 50 ಪ್ರತಿ ಕೊಟ್ಟಿತು. ಆ ಗುಮಾಸ್ತನ ಹೆಸರು ಎಡ್ಮಂಡ್ ಹ್ಯಾಲಿ. ಹೌದು, ಧೂಮಕೇತುವಿನ ಹ್ಯಾಲಿಯೇ!

ಈ ಕಥೆಯನ್ನು ತಮಾಷೆಗೆ ಎಲ್ಲರೂ ಹೇಳುತ್ತಾರೆ. ನಾವು ಇಲ್ಲಿ ಅದನ್ನು ಲೆಕ್ಕದ ಪುಸ್ತಕ ಬಿಚ್ಚಿಟ್ಟುಕೊಂಡು ನೋಡೋಣ. ಯಾಕಂದ್ರೆ ನಮ್ಮಲ್ಲಿ ಬಹಳಷ್ಟು ಜನ ಮುಂದೆ ಯಾವುದಾದರೂ ಒಂದು ವೃತ್ತಿ ಸಂಘದ, ಖಗೋಳ ಕ್ಲಬ್ಬಿನ, ಗಣಿತ ಪರಿಷತ್ತಿನ ಸದಸ್ಯರಾಗುತ್ತೇವೆ. ವರ್ಷಕ್ಕೊಮ್ಮೆ ಅವರ ವಾರ್ಷಿಕ ವರದಿ ಬರುತ್ತದೆ. ಅದರಲ್ಲಿ ಫೋಟೋಗಳನ್ನು ನೋಡಿ, ಕೊನೆಯ ನಾಲ್ಕು ಪುಟಗಳ ಆಯವ್ಯಯ ಪಟ್ಟಿಯನ್ನು ಹಾಗೇ ಮಡಚಿ ಇಡುತ್ತೇವೆ. ಫೋರಿಯರ್ ಸರಣಿ ಬಿಡಿಸುವ ನಮಗೆ ಕೂಡು ಕಳೆಯ ಲೆಕ್ಕ ಕಷ್ಟವೇನಲ್ಲ. ಎಲ್ಲಿ ನೋಡಬೇಕು ಅಂತ ಯಾರೂ ಹೇಳಿಕೊಟ್ಟಿರುವುದಿಲ್ಲ, ಅಷ್ಟೆ.

ಮೊದಲು ಲಂಡನ್ನಿಗೆ ಹೋಗೋಣ. ರಾಯಲ್ ಸೊಸೈಟಿ ಹುಟ್ಟಿದ್ದು 1660ರ ನವೆಂಬರಿನಲ್ಲಿ. 1662ರಲ್ಲಿ ರಾಜನ ಸನದು ಸಿಕ್ಕಿತು. ಹೆಸರಲ್ಲಿ ರಾಯಲ್ ಇದ್ದರೂ ರಾಜನ ಬೊಕ್ಕಸದಿಂದ ವರ್ಷಾಸನ ಏನೂ ಬರುತ್ತಿರಲಿಲ್ಲ. ಸದಸ್ಯರು ವಾರಕ್ಕೆ ಒಂದು ಶಿಲ್ಲಿಂಗ್ ಚಂದಾ ಕೊಡಬೇಕಿತ್ತು, ಅದೇ ಮುಖ್ಯ ಆದಾಯ. ಕೊಡಬೇಕಿತ್ತು ಅನ್ನುವುದೇ ಇಲ್ಲಿ ಸಮಸ್ಯೆ. ದೊಡ್ಡ ದೊಡ್ಡ ಮನುಷ್ಯರೇ ವರ್ಷಗಟ್ಟಲೆ ಬಾಕಿ ಉಳಿಸಿಕೊಂಡರು. ಕಾಗದದ ಮೇಲೆ ನೂರಾರು ಪೌಂಡ್ ಬರಬೇಕಾದ ಹಣ, ಪೆಟ್ಟಿಗೆಯಲ್ಲಿ ಮಾತ್ರ ಚಿಲ್ಲರೆ. ಲೆಕ್ಕ ಓದುವವರಿಗೆ ಇದು ಮೊದಲ ಪಾಠ: ಬರಬೇಕಾದದ್ದು ಬೇರೆ, ಬಂದದ್ದು ಬೇರೆ. ಬಾಕಿ ಪಟ್ಟಿಯಲ್ಲಿ ಮೂರು ವರ್ಷದಿಂದ ಕೂತಿರುವ ಹೆಸರುಗಳನ್ನು ಆಸ್ತಿ ಅಂತ ತೋರಿಸುವ ಸಂಘ ತನಗೆ ತಾನೇ ಸುಳ್ಳು ಹೇಳಿಕೊಳ್ಳುತ್ತಿರುತ್ತದೆ.

1686ರಲ್ಲಿ ಸೊಸೈಟಿ ಒಂದು ಭಾರೀ ಪುಸ್ತಕ ತಂದಿತು. ಫ್ರಾನ್ಸಿಸ್ ವಿಲಗ್ಬಿ ಆರಂಭಿಸಿ, ಆತ ತೀರಿಕೊಂಡ ಮೇಲೆ ಜಾನ್ ರೇ ಮುಗಿಸಿದ ಮೀನುಗಳ ಚರಿತ್ರೆ. ತಾಮ್ರದ ತಗಡಿನ ಮೇಲೆ ಕೊರೆದು ಅಚ್ಚು ಹಾಕಿದ 187 ಚಿತ್ರಫಲಕಗಳು. ಸದಸ್ಯರು ಒಂದೊಂದು ಫಲಕಕ್ಕೆ ದುಡ್ಡು ಕೊಟ್ಟರು, ಅಧ್ಯಕ್ಷ ಸ್ಯಾಮ್ಯುಯೆಲ್ ಪೀಪ್ಸ್ ಒಬ್ಬನೇ 50 ಪೌಂಡ್ ಕೊಟ್ಟ. 500 ಪ್ರತಿ ಅಚ್ಚಾಯಿತು. ಮಾರಾಟವಾಗಲಿಲ್ಲ. ಪುಸ್ತಕ ಕೆಟ್ಟದಾಗಿತ್ತು ಅಂತಲ್ಲ, ಮೀನುಶಾಸ್ತ್ರದಲ್ಲಿ ಅದಕ್ಕೆ ಇವತ್ತಿಗೂ ಗೌರವವಿದೆ. ದುಬಾರಿ ಪುಸ್ತಕ, ಓದುಗರು ಕಡಿಮೆ.

ಅದೇ ವರ್ಷ ನ್ಯೂಟನ್ನನ ಪ್ರಿನ್ಸಿಪಿಯಾದ ಹಸ್ತಪ್ರತಿ ಬಂದು, ಮೇ ತಿಂಗಳಲ್ಲಿ ಸೊಸೈಟಿಯ ಖರ್ಚಿನಲ್ಲೇ ಅಚ್ಚು ಹಾಕಿಸೋಣ ಅಂತ ಸಭೆ ನಿರ್ಣಯ ಮಾಡಿತು. ಎರಡೇ ವಾರದಲ್ಲಿ, ಜೂನ್ 2ರಂದು, ಆಡಳಿತ ಮಂಡಳಿ ಆ ಹೊರೆಯನ್ನು ಹ್ಯಾಲಿಯ ಹೆಗಲಿಗೆ ಹಾಕಿತು: ಮುದ್ರಣದ ಕೆಲಸವನ್ನು ಆತನೇ ನೋಡಿಕೊಳ್ಳಲಿ, ತನ್ನ ಸ್ವಂತ ಖರ್ಚಿನಲ್ಲಿ. ಹ್ಯಾಲಿ ಒಪ್ಪಿಕೊಂಡ. 1687ರ ಜುಲೈನಲ್ಲಿ ಪುಸ್ತಕ ಹೊರಬಂತು. ಅದರ ಮುಖಪುಟದಲ್ಲಿ ಅನುಮತಿ ಕೊಟ್ಟ ಅಧ್ಯಕ್ಷರಾಗಿ ಪೀಪ್ಸನ ಹೆಸರಿದೆ. ದುಡ್ಡು ಕೊಟ್ಟವನು ಗುಮಾಸ್ತ.

ಇಲ್ಲಿ ಒಂದು ಸೂಕ್ಷ್ಮ ಇದೆ, ತಮಾಷೆ ಹೇಳುವವರು ಇದನ್ನು ಬಿಟ್ಟುಬಿಡುತ್ತಾರೆ. ಸೊಸೈಟಿ ಪೂರ್ತಿ ಬರಿಗೈಯಲ್ಲಿ ಇರಲಿಲ್ಲ. ರಾಜ ಹಿಂದೆ ಕೊಟ್ಟಿದ್ದ ಚೆಲ್ಸಿಯಾದ ಕಾಲೇಜು ಜಾಗವನ್ನು 1682ರಲ್ಲಿ ಅದು ರಾಜನಿಗೇ 1300 ಪೌಂಡಿಗೆ ಮಾರಿತ್ತು. ಆ ವರ್ಷದಿಂದ ಅದರ ದುಡ್ಡು ರಾಯಲ್ ಆಫ್ರಿಕನ್ ಕಂಪನಿಯ ಷೇರುಗಳಲ್ಲೂ ಇತ್ತು. (ಆ ಕಂಪನಿ ನಡೆಸುತ್ತಿದ್ದದ್ದು ಗುಲಾಮರ ವ್ಯಾಪಾರ. ಮೀಸಲು ನಿಧಿ ಎಷ್ಟಿದೆ ಅನ್ನುವಷ್ಟೇ, ಅದು ಎಲ್ಲಿದೆ ಅನ್ನುವುದೂ ಕೇಳಬೇಕಾದ ಪ್ರಶ್ನೆ.) ಅಂದರೆ ಆಸ್ತಿ ಇತ್ತು, ಕೈಯಲ್ಲಿ ಓಡಾಡುವ ದುಡ್ಡು ಇರಲಿಲ್ಲ. ಊಟಕ್ಕಿಲ್ಲದ ಉಪ್ಪಿನಕಾಯಿ ಅಂತೀವಲ್ಲ, ಹಾಗೆ.

ಈಗ ನಮ್ಮ ಕಾಲದ ಒಂದು ಸಂಘವನ್ನು ತೆಗೆದುಕೊಳ್ಳೋಣ. ಇದು ಪಾಠಕ್ಕಾಗಿ ನಾವೇ ಕಟ್ಟಿಕೊಂಡ ಸಂಘ, ಅಂಕಿಗಳೂ ನಮ್ಮವೇ. ಆದರೆ ಇಂಥ ಆಕಾರದ ಸಂಘಗಳು ಪ್ರತಿ ಊರಿನಲ್ಲೂ ಸಿಗುತ್ತವೆ. ಒಂದು ಬಾಡಿಗೆ ಕೋಣೆ, ಒಬ್ಬರು ಗುಮಾಸ್ತರು, ವರ್ಷಕ್ಕೆ ನಾಲ್ಕು ಸಂಚಿಕೆಯ ಪತ್ರಿಕೆ, ಒಂದು ಸಮ್ಮೇಳನ. ವಾರ್ಷಿಕ ಸಭೆಯಲ್ಲಿ ಖಜಾಂಚಿ ಎದ್ದು ನಿಂತು, ಬ್ಯಾಂಕಿನಲ್ಲಿ ಒಟ್ಟು 24 ಲಕ್ಷ ರೂಪಾಯಿ ಇದೆ ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನಿಂದ ಒಬ್ಬರು, ಇಷ್ಟು ದುಡ್ಡಿಟ್ಟುಕೊಂಡು ಯಾಕ್ರೀ ಸದಸ್ಯತ್ವ ಶುಲ್ಕ ಏರಿಸ್ತೀರಿ ಅಂತ ಕೇಳಿದರು. ನ್ಯಾಯವಾದ ಪ್ರಶ್ನೆ. ಉತ್ತರ ಹುಡುಕೋಣ.

ಆ 24 ಲಕ್ಷದಲ್ಲಿ 8 ಲಕ್ಷ ಒಂದು ಸ್ಮಾರಕ ಉಪನ್ಯಾಸದ ದತ್ತಿ. ಯಾರೋ ಹಿರಿಯರ ಮಕ್ಕಳು ಕೊಟ್ಟದ್ದು. ಅಸಲನ್ನು ಮುಟ್ಟುವಂತಿಲ್ಲ, ಬಡ್ಡಿಯಲ್ಲಿ ವರ್ಷಕ್ಕೊಂದು ಉಪನ್ಯಾಸ ನಡೆಸಬೇಕು. ಇನ್ನು 5 ಲಕ್ಷ ಹಳ್ಳಿ ಶಾಲೆಗಳಿಗೆ ಪ್ರಯೋಗದ ಪೆಟ್ಟಿಗೆ ಹಂಚಲು ಬಂದ ಅನುದಾನದಲ್ಲಿ ಇನ್ನೂ ಖರ್ಚಾಗದ ಭಾಗ. ಹಂಚಬೇಕು, ಇಲ್ಲವೇ ವಾಪಸ್ ಕೊಡಬೇಕು. 3 ಲಕ್ಷ ಮುಂದಿನ ವರ್ಷದ ಪತ್ರಿಕೆಗೆ, ಸಮ್ಮೇಳನಕ್ಕೆ ಜನ ಮುಂಗಡ ಕಟ್ಟಿದ ಹಣ. ಇದು ಕೈಯಲ್ಲಿದ್ದರೂ ಸಂಘದ್ದಲ್ಲ, ಸಂಘ ತೀರಿಸಬೇಕಾದ ಋಣ. 4 ಲಕ್ಷ ಆಜೀವ ಸದಸ್ಯರ ನಿಧಿ, ಅದರ ವಿಷಯ ಆಮೇಲೆ. ಮುದ್ರಣಾಲಯಕ್ಕೆ ಕೊಡಬೇಕಾದ ಬಿಲ್ಲು 1 ಲಕ್ಷ. ಎಲ್ಲ ಕೂಡಿದರೆ 21 ಲಕ್ಷ. ಉಳಿದದ್ದು 3 ಲಕ್ಷ. ಸಂಘ ತನ್ನ ಇಷ್ಟದಂತೆ, ಕಷ್ಟಕಾಲಕ್ಕೆ ಬಳಸಬಹುದಾದ ದುಡ್ಡು ಇಷ್ಟೇ. ಇದನ್ನೇ ಮುಕ್ತ ಮೀಸಲು ಅಂತ ಕರೆಯೋಣ.

ಖರ್ಚು ನೋಡಿ. ಗುಮಾಸ್ತರ ಸಂಬಳ ತಿಂಗಳಿಗೆ 20 ಸಾವಿರ, ವರ್ಷಕ್ಕೆ 2 ಲಕ್ಷ 40 ಸಾವಿರ. ಬಾಡಿಗೆ ತಿಂಗಳಿಗೆ 8 ಸಾವಿರದಂತೆ 96 ಸಾವಿರ. ಪತ್ರಿಕೆಯ ಅಚ್ಚು, ಅಂಚೆ 1 ಲಕ್ಷ 80 ಸಾವಿರ. ಲೆಕ್ಕ ಪರಿಶೋಧಕರ ಶುಲ್ಕ, ವೆಬ್‌ಸೈಟು, ಕರೆಂಟು, ಚಹಾ ಬಿಸ್ಕತ್ತು ಎಲ್ಲ ಸೇರಿ 84 ಸಾವಿರ. ಒಟ್ಟು 6 ಲಕ್ಷ, ಅಂದರೆ ತಿಂಗಳಿಗೆ 50 ಸಾವಿರ.

24 ಲಕ್ಷವನ್ನು 50 ಸಾವಿರದಿಂದ ಭಾಗಿಸಿದರೆ 48 ತಿಂಗಳು, ನಾಲ್ಕು ವರ್ಷ ಆರಾಮ. ಚಪ್ಪಾಳೆ ತಟ್ಟಿದವರ ತಲೆಯಲ್ಲಿದ್ದದ್ದು ಈ ಲೆಕ್ಕ. 3 ಲಕ್ಷವನ್ನು ಭಾಗಿಸಿದರೆ 6 ತಿಂಗಳು. ನಿಜ ಇದು. ಆದಾಯ ನಿಂತರೆ ಆರು ತಿಂಗಳಾದ ಮೇಲೆ ಗುಮಾಸ್ತರಿಗೆ ಸಂಬಳ ಇಲ್ಲ. ಆಗ ಒಳ್ಳೆಯ ಮನಸ್ಸಿನ ಖಜಾಂಚಿಯೇ ಏನು ಮಾಡ್ತಾರೆ ಗೊತ್ತಾ? ಸದ್ಯಕ್ಕೆ ಅಂತ ಶಾಲೆ ಪೆಟ್ಟಿಗೆಯ 5 ಲಕ್ಷದಿಂದ ತೆಗೆದು ಸಂಬಳ ಕೊಡ್ತಾರೆ, ಶುಲ್ಕ ಬಂದಾಗ ತುಂಬಿದರಾಯ್ತು ಅಂತ. ಯಾರೂ ಕದ್ದಿಲ್ಲ, ಯಾರ ಜೇಬಿಗೂ ಹೋಗಿಲ್ಲ. ಆದರೂ ಅನುದಾನ ಕೊಟ್ಟವರು ಲೆಕ್ಕ ಕೇಳಿದ ದಿನ ಸಂಘದ ಮಾನ ಹೋಗುತ್ತದೆ, ಪೆಟ್ಟಿಗೆ ಬರುತ್ತದೆ ಅಂತ ಕಾದ ಶಾಲೆಗೆ ಪೆಟ್ಟಿಗೆ ಬರುವುದಿಲ್ಲ. ಸಣ್ಣ ಸಂಘಗಳು ಹೀಗೆ ಸದ್ದಿಲ್ಲದೆ ಮುಳುಗುವುದುಂಟು. ಆದ್ದರಿಂದ ದತ್ತಿಗೂ ಅನುದಾನಕ್ಕೂ ಬೇರೆ ಬೇರೆ ಬ್ಯಾಂಕ್ ಖಾತೆ ಇರಲಿ ಅನ್ನುವುದು ನಮ್ಮ ಅಭಿಪ್ರಾಯ. ಲೆಡ್ಜರಿನಲ್ಲಿ ಬೇರೆ ಇದ್ದರೆ ಸಾಕಲ್ಲ ಅಂತ ಕೆಲವರು ವಾದಿಸುತ್ತಾರೆ. ಲೆಡ್ಜರನ್ನು ವರ್ಷಕ್ಕೊಮ್ಮೆ ನೋಡುತ್ತೇವೆ, ಪಾಸ್‌ಬುಕ್ಕನ್ನು ತಿಂಗಳಿಗೊಮ್ಮೆ.

ಮೀಸಲು ಯಾಕೆ ಬೇಕು ಅನ್ನುವುದಕ್ಕೆ ನಮ್ಮ ಊರುಗಳ ನೀರಿನ ಲೆಕ್ಕಕ್ಕಿಂತ ಒಳ್ಳೆ ಉದಾಹರಣೆ ಇಲ್ಲ. ನಗರಸಭೆಯವರು ಮೂರು ದಿನಕ್ಕೊಮ್ಮೆ ನೀರು ಬಿಡುತ್ತಾರೆ, ಮನೆಯಲ್ಲಿ ನಲ್ಲಿ ತಿರುಗಿಸುವುದು ದಿನಾ. ಅದಕ್ಕೇ ಸಂಪು. ಸಂಘದ ಆದಾಯವೂ ಹಾಗೇ, ಏಪ್ರಿಲ್‌ನಲ್ಲಿ ಚಂದಾ, ಡಿಸೆಂಬರಿನಲ್ಲಿ ಸಮ್ಮೇಳನ, ನಡುವೆ ಒಣಗಾಲ. ಖರ್ಚು ಮಾತ್ರ ಪ್ರತಿ ತಿಂಗಳು ಒಂದನೇ ತಾರೀಕು. ಎಲೆಕ್ಟ್ರಾನಿಕ್ಸ್‌ನವರಿಗೆ ಇದು ರೆಕ್ಟಿಫೈಯರಿನ ಮುಂದೆ ಕೂರಿಸುವ ಫಿಲ್ಟರ್ ಕೆಪಾಸಿಟರ್. ಆದರೆ ಮೂರು ದಿನಕ್ಕೊಮ್ಮೆ ಬರುವ ನೀರಿಗೆ ಕಟ್ಟಿದ ಸಂಪು, ಪೈಪ್ ಒಡೆದು ಹದಿನೈದು ದಿನ ನೀರು ಬಾರದಿದ್ದಾಗ ಸಾಲುವುದಿಲ್ಲ. ಹಾಗಾಗಿ ಮೀಸಲಿನ ಅಳತೆಯಲ್ಲಿ ಎರಡು ಭಾಗ ಇರಬೇಕು, ಒಂದು ಮಾಮೂಲಿ ಏರಿಳಿತಕ್ಕೆ, ಇನ್ನೊಂದು ಪೈಪ್ ಒಡೆದದ್ದಕ್ಕೆ.

ಮೂರು ತಿಂಗಳಿಂದ ಆರು ತಿಂಗಳ ಖರ್ಚು ಇಟ್ಟುಕೊಳ್ಳಿ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಇದನ್ನು ಕಣ್ಣು ಮುಚ್ಚಿ ಒಪ್ಪಬೇಡಿ. ಸುರಕ್ಷತಾ ಗುಣಾಂಕವನ್ನು ನಾವು ಹೊರೆ ನೋಡಿ ಹಾಕುತ್ತೇವೆಯೇ ಹೊರತು ಪುಸ್ತಕದ ಕೊನೆ ಪುಟ ನೋಡಿ ಅಲ್ಲ. ಪೈಪ್ ಎಲ್ಲಿ ಒಡೆಯಬಹುದು ಅಂತ ಮೊದಲು ಹುಡುಕಬೇಕು.

ಅತಿ ದೊಡ್ಡ ಜಾಗ ಸಮ್ಮೇಳನ. ನಮ್ಮ ಕಲ್ಪನೆಯ ಸಂಘದ ಸಮ್ಮೇಳನಕ್ಕೆ ಸಭಾಂಗಣ, ಅತಿಥಿಗಳ ಪ್ರಯಾಣ, ಸಾರಸಂಗ್ರಹದ ಮುದ್ರಣ ಇವಕ್ಕೆ ಯಾರು ಬರಲಿ ಬಿಡಲಿ 3 ಲಕ್ಷ ಬೇಕು. ಒಬ್ಬೊಬ್ಬರ ಊಟ, ಚೀಲ, ವಗೈರೆಗೆ 1500. ಶುಲ್ಕ 2500. ಒಬ್ಬರಿಂದ ಉಳಿಯುವುದು 1000, ಹಾಗಾದರೆ 300 ಜನ ಬಂದರೆ ಸರಿಸಮ. 360 ಜನ ಬಂದರೆ 60 ಸಾವಿರ ಉಳಿತಾಯ. 200 ಜನ ಮಾತ್ರ ಬಂದರೆ 1 ಲಕ್ಷ ನಷ್ಟ, ಅಂದರೆ ಎರಡು ತಿಂಗಳ ಮೀಸಲು ಖಲಾಸ್. ಲಾಭ ಬಂದಾಗ ಸಣ್ಣದು, ನಷ್ಟ ಬಂದಾಗ ದೊಡ್ಡದು. ಈ ಅಸಮತೆಯನ್ನು ಸಮ್ಮೇಳನ ಸಮಿತಿಯವರು ಮರೆಯುತ್ತಾರೆ, ಯಾಕಂದ್ರೆ ಕಳೆದ ಐದು ವರ್ಷ ಲಾಭವೇ ಬಂದಿರುತ್ತದೆ.

ಪೂರ್ತಿ ರದ್ದಾದರೆ? ಇದು ಬರೀ ಊಹೆ ಅಲ್ಲ. ಅಮೆರಿಕನ್ ಫಿಸಿಕಲ್ ಸೊಸೈಟಿಯ ಮಾರ್ಚ್ ಸಮ್ಮೇಳನ 2020ರ ಮಾರ್ಚ್ 2ರಂದು ಡೆನ್ವರಿನಲ್ಲಿ ಶುರುವಾಗಬೇಕಿತ್ತು. ಹತ್ತು ಸಾವಿರಕ್ಕೂ ಹೆಚ್ಚು ಜನ ಬರುವವರಿದ್ದರು. ಕೋವಿಡ್ ಕಾರಣಕ್ಕೆ ಫೆಬ್ರವರಿ 29ರಂದು, ಅಂದರೆ ಎರಡೇ ದಿನ ಮೊದಲು ರದ್ದು ಮಾಡಿದರು. ಕೆಲವರು ಆಗಲೇ ಊರು ತಲುಪಿದ್ದರು. ಅದು ದೊಡ್ಡ ಸಂಸ್ಥೆ, ನೂರು ವರ್ಷ ದಾಟಿದ್ದು, ತಡೆದುಕೊಂಡಿತು. ಅದೇ ಹೊಡೆತ ನಮ್ಮ 3 ಲಕ್ಷದ ಸಂಘಕ್ಕೆ ಬಿದ್ದರೆ? ಸಭಾಂಗಣದ ಮುಂಗಡ ವಾಪಸ್ ಬರುವುದಿಲ್ಲ, ಸದಸ್ಯರಿಗೆ ಶುಲ್ಕ ವಾಪಸ್ ಕೊಡಬೇಕು. ಮುಂಗಡ ಬಂದ ಶುಲ್ಕವನ್ನು ಸಂಘದ್ದಲ್ಲ ಅಂತ ಮೇಲೆ ಯಾಕೆ ಕಳೆದೆವು ಅನ್ನುವುದು ಈಗ ಗೊತ್ತಾಗುತ್ತದೆ.

ಇನ್ನು ಆಜೀವ ಸದಸ್ಯತ್ವ. ನಮ್ಮ ಸಂಘಗಳಿಗೆ ಇದರ ಮೇಲೆ ವಿಪರೀತ ಪ್ರೀತಿ. ವರ್ಷಕ್ಕೆ 500 ಶುಲ್ಕ ಇದ್ದರೆ ಒಂದೇ ಸಲ 5000 ಕಟ್ಟಿ, ಸಾಯುವ ತನಕ ಸದಸ್ಯರು. ಪ್ರತಿ ವರ್ಷ ಜ್ಞಾಪನ ಪತ್ರ ಬರೆಯುವ ಕಾಟ ಇಲ್ಲ, ಸದಸ್ಯರಿಗೂ ಖುಷಿ. ಲೆಕ್ಕ ಹಾಕಿ ನೋಡೋಣ. ಒಬ್ಬ ಸದಸ್ಯರಿಗೆ ಪತ್ರಿಕೆ ಅಚ್ಚು ಹಾಕಿ ಕಳಿಸಲು ಈ ವರ್ಷ 400 ರೂಪಾಯಿ ಬೀಳುತ್ತದೆ ಅಂದುಕೊಳ್ಳಿ. ಕಾಗದ, ಅಂಚೆ ದರ ವರ್ಷಕ್ಕೆ ಶೇ. 6 ಏರುತ್ತದೆ. ಬ್ಯಾಂಕ್ ಠೇವಣಿಗೆ ಶೇ. 7 ಬಡ್ಡಿ. ಬಡ್ಡಿಯೂ ಬೆಲೆಯೇರಿಕೆಯೂ ಹೆಚ್ಚುಕಡಿಮೆ ಒಂದನ್ನೊಂದು ನುಂಗುತ್ತವೆ. ಪ್ರತಿ ವರ್ಷದ ಖರ್ಚಿನ ಇಂದಿನ ಬೆಲೆ 400ಕ್ಕೆ 1.06 ಭಾಗಿಸು 1.07 ಅನ್ನುವ ಗುಣಾಂಕದ ಗುಣೋತ್ತರ ಶ್ರೇಣಿ. 30 ವರ್ಷಕ್ಕೆ ಕೂಡಿದರೆ ಸುಮಾರು 10,500 ರೂಪಾಯಿ. ನಾವು ತೆಗೆದುಕೊಂಡದ್ದು 5000. ಅದು ಸುಮಾರು 13 ವರ್ಷಕ್ಕೆ ಖಾಲಿ.

ಇದು ಆ 5000ವನ್ನು ಪ್ರಾಮಾಣಿಕವಾಗಿ ಠೇವಣಿ ಇಟ್ಟರೆ. ಬಂದ ವರ್ಷವೇ ಆದಾಯ ಅಂತ ತೋರಿಸಿ ಖರ್ಚು ಮಾಡಿದರೆ ಎರಡನೇ ವರ್ಷದಿಂದಲೇ ಆ ಸದಸ್ಯರ ಪತ್ರಿಕೆಯ ಖರ್ಚನ್ನು ಹೊಸ ಸದಸ್ಯರು ಹೊರುತ್ತಾರೆ. ಹೊಸ ಆಜೀವ ಸದಸ್ಯರು ಬರುತ್ತಿರುವ ತನಕ ಎಲ್ಲ ಚೆನ್ನಾಗಿ ಕಾಣುತ್ತದೆ. ಈ ಯೋಜನೆಗೆ ಪೇಟೆಯಲ್ಲಿ ಬೇರೆ ಹೆಸರಿದೆ, ಅದನ್ನು ನಡೆಸಿದವರನ್ನು ಪೊಲೀಸರು ಹುಡುಕುತ್ತಾರೆ. ಸಂಘದವರಿಗೆ ಹಾರ ಹಾಕುತ್ತೇವೆ! ವಿದ್ಯಾರ್ಥಿಗಳಾಗಿ ನಮಗೆ ಇದರಲ್ಲಿ ನೇರ ಪಾಲಿದೆ, ಯಾಕಂದ್ರೆ ಇಪ್ಪತ್ತು ವರ್ಷದ ನಂತರ ವಾರ್ಷಿಕ ಶುಲ್ಕ ಕಟ್ಟುತ್ತಾ ಕೂರುವ ಪೀಳಿಗೆ ನಾವು. ಪರಿಹಾರ ಕಷ್ಟವೇನಿಲ್ಲ: ಆಜೀವ ಶುಲ್ಕವನ್ನು ವಯಸ್ಸಿಗೆ ತಕ್ಕಂತೆ ಇಡಿ, ಪತ್ರಿಕೆಯ ಅಚ್ಚು ಪ್ರತಿಗೆ ಬೇರೆ ಶುಲ್ಕ ಇಡಿ, ಬಂದ ಹಣವನ್ನು ಪ್ರತ್ಯೇಕ ನಿಧಿಯಲ್ಲಿಟ್ಟು ವರ್ಷಕ್ಕಿಷ್ಟು ಅಂತ ಮಾತ್ರ ಆದಾಯಕ್ಕೆ ತನ್ನಿ.

ಕಾನೂನಿನ ವಿಷಯ ಬೇಗ ಮುಗಿಸೋಣ. ಕರ್ನಾಟಕದಲ್ಲಿ ಇಂಥ ಸಂಘಗಳು 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾಗುತ್ತವೆ, ಕನಿಷ್ಠ ಏಳು ಜನ ಬೇಕು, ಪ್ರತಿ ವರ್ಷ ಪರಿಶೋಧಿತ ಲೆಕ್ಕ ನೋಂದಣಾಧಿಕಾರಿಗೆ ಸಲ್ಲಬೇಕು. ಲಾಭರಹಿತ ಸಂಸ್ಥೆ ಅಂದರೆ ವರ್ಷದ ಕೊನೆಗೆ ಸೊನ್ನೆ ಉಳಿಯಬೇಕು ಅಂತ ಅನೇಕರು ನಂಬಿದ್ದಾರೆ. ಅದು ತಪ್ಪು. ಉಳಿದದ್ದನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ ಅಷ್ಟೇ, ಉಳಿಸಲು ಅಡ್ಡಿಯಿಲ್ಲ. 1961ರ ಆದಾಯ ತೆರಿಗೆ ಕಾಯ್ದೆ ಇದಕ್ಕೆ ಹಾಕಿಕೊಟ್ಟ ಚೌಕಟ್ಟು ಹೀಗೆ: ತೆರಿಗೆ ವಿನಾಯಿತಿ ಬೇಕಾದರೆ ವರ್ಷದ ಆದಾಯದಲ್ಲಿ ಶೇ. 85ನ್ನು ಉದ್ದೇಶಕ್ಕೆ ಬಳಸಬೇಕು, ಶೇ. 15ನ್ನು ಷರತ್ತಿಲ್ಲದೆ ಉಳಿಸಬಹುದು. ಅದಕ್ಕಿಂತ ಹೆಚ್ಚು ಉಳಿಸಬೇಕಿದ್ದರೆ ಇಂಥ ಕೆಲಸಕ್ಕೆ ಅಂತ ಮೊದಲೇ ಬರೆದುಕೊಟ್ಟು ಐದು ವರ್ಷದವರೆಗೆ ಕೂಡಿಡಬಹುದು. ಇಡುವುದೂ ಬ್ಯಾಂಕ್, ಅಂಚೆ ಕಚೇರಿ, ಸರ್ಕಾರಿ ಸಾಲಪತ್ರ ಇಂಥ ಸೂಚಿತ ಜಾಗಗಳಲ್ಲಿ. ಗೆಳೆಯನ ಕಂಪನಿಯ ಷೇರಿನಲ್ಲಿ ಹಾಕೋಣ ಅನ್ನುವ ಮಾತು ನಡೆಯುವುದಿಲ್ಲ. ಅಂದರೆ ಒಂದೇ ವರ್ಷದಲ್ಲಿ ದೊಡ್ಡ ಮೀಸಲು ಕಟ್ಟಲು ಆಗುವುದಿಲ್ಲ. ವರ್ಷಕ್ಕೆ 7 ಲಕ್ಷ ಆದಾಯವಿರುವ ಸಂಘ ಷರತ್ತಿಲ್ಲದೆ ಉಳಿಸಬಹುದಾದದ್ದು 1 ಲಕ್ಷ 5 ಸಾವಿರ. ಮೀಸಲು ನಿಧಾನವಾಗಿ ಬೆಳೆಯುವ ತೆಂಗಿನ ಸಸಿ, ಬರಗಾಲ ಬಂದ ಮೇಲೆ ನೆಟ್ಟರೆ ಪ್ರಯೋಜನವಿಲ್ಲ.

ದುಡ್ಡು ಕೊಡುವವರ ಸ್ವಭಾವದ ಬಗ್ಗೆ ಒಂದು ಮಾತು ಹೇಳಲೇಬೇಕು, ಅದಕ್ಕೆ ನಮ್ಮ ದೇಶದ್ದೇ ಕಥೆ ಇದೆ. ಡಾ. ಮಹೇಂದ್ರಲಾಲ್ ಸರ್ಕಾರ್ ಕಲ್ಕತ್ತದ ವೈದ್ಯರು. ಭಾರತೀಯರು ತಮ್ಮದೇ ದುಡ್ಡಿನಲ್ಲಿ, ತಮ್ಮದೇ ಆಡಳಿತದಲ್ಲಿ ವಿಜ್ಞಾನ ಬೆಳೆಸಬೇಕು ಅಂತ 1869ರಲ್ಲಿ ಬರೆದರು. ಮನೆ ಮನೆ ತಿರುಗಿ ಚಂದಾ ಎತ್ತಿ, 1876ರ ಜುಲೈ 29ರಂದು ಬೌಬಜಾರ್ ಬೀದಿಯ 210ನೇ ನಂಬರಿನಲ್ಲಿ ಇಂಡಿಯನ್ ಅಸೋಸಿಯೇಷನ್ ಫಾರ್ ದಿ ಕಲ್ಟಿವೇಷನ್ ಆಫ್ ಸೈನ್ಸ್ ಆರಂಭಿಸಿದರು. ಶುರುವಾಗಲು ಏಳು ವರ್ಷ ಹಿಡಿಯಿತು. ಆಮೇಲೆ ಕಟ್ಟಡಕ್ಕೆ, ಸಲಕರಣೆಗೆ, ಪ್ರಯೋಗಾಲಯಕ್ಕೆ ಮಹಾರಾಜರು, ಜಮೀನ್ದಾರರು ಕೊಟ್ಟರು. ವಿಜಯನಗರಂ ಮಹಾರಾಜರ ಹೆಸರಿನ ಪ್ರಯೋಗಾಲಯವೇ ಎದ್ದಿತು. ಸರ್ಕಾರ್ ಅವರಿಗೆ ಬೇಕಾದದ್ದು ಬೇರೆ: ಸಂಬಳ ಪಡೆದು ಪೂರ್ತಿ ಹೊತ್ತು ಸಂಶೋಧನೆ ಮಾಡುವ ಪ್ರಾಧ್ಯಾಪಕರಿಗೆ ಶಾಶ್ವತ ದತ್ತಿ. ಅದು ಬರಲಿಲ್ಲ. ಫಾದರ್ ಲಫಾಂಟ್‌ರಂಥವರು ಸಂಬಳವಿಲ್ಲದೆ ಉಪನ್ಯಾಸ ಮಾಡಿ ಸಂಸ್ಥೆಯನ್ನು ಜೀವಂತ ಇಟ್ಟರು. 1904ರಲ್ಲಿ ಸರ್ಕಾರ್ ತೀರಿಕೊಂಡಾಗ ಆ ಕೊರಗು ಹಾಗೇ ಉಳಿದಿತ್ತು.

ಗೋಡೆಗೆ ಕಲ್ಲು ಹಾಕಿಸಿದರೆ ಅದರ ಮೇಲೆ ಹೆಸರು ಕೆತ್ತಬಹುದು. ಗುಮಾಸ್ತರ ಸಂಬಳದ ಮೇಲೆ, ಕರೆಂಟ್ ಬಿಲ್ಲಿನ ಮೇಲೆ ಯಾರ ಹೆಸರು ಕೆತ್ತುವುದು? ಈ ಕಷ್ಟ ಇವತ್ತಿಗೂ ಹಾಗೇ ಇದೆ. ಹಾಗಾಗಿ ಸಣ್ಣ ಸಂಘ ಕಟ್ಟಡಕ್ಕೆ ದೇಣಿಗೆ ಬಂದಾಗ ಹಿಗ್ಗುವ ಮೊದಲು, ಇದನ್ನು ಗುಡಿಸಿ ಒರೆಸಿ ಬಣ್ಣ ಹೊಡೆಸಲು ವರ್ಷಕ್ಕೆಷ್ಟು ಅಂತ ಕೇಳಿ, ಅದರ ಒಂದು ಪಾಲನ್ನೂ ದಾನಿಗಳಿಂದಲೇ ಪಡೆಯುವುದು ಒಳ್ಳೆಯದು.

ಆ ಕಟ್ಟಡ ವ್ಯರ್ಥವಾಗಲಿಲ್ಲ ಅನ್ನುವುದು ನಮಗೆಲ್ಲ ಗೊತ್ತು. 1907ರಲ್ಲಿ ಹಣಕಾಸು ಇಲಾಖೆಯಲ್ಲಿ ಸಹಾಯಕ ಅಕೌಂಟೆಂಟ್ ಜನರಲ್ ಆಗಿ ಕಲ್ಕತ್ತಕ್ಕೆ ಬಂದ ಸಿ.ವಿ. ರಾಮನ್ ಬೀದಿಯಲ್ಲಿ ಸಂಘದ ಫಲಕ ನೋಡಿ ಬಾಗಿಲು ತಟ್ಟಿದರು. ಬಾಗಿಲು ತೆರೆದದ್ದು ಆಶುತೋಷ್ ಡೇ, ಮುಂದೆ ವರ್ಷಾನುಗಟ್ಟಲೆ ರಾಮನ್ನರ ಪ್ರಯೋಗಗಳಿಗೆ ಬಲಗೈ. ಹಗಲು ಸರ್ಕಾರದ ಲೆಕ್ಕ, ಬೆಳಿಗ್ಗೆ ಸಂಜೆ ಸಂಘದ ಪ್ರಯೋಗ, ಹೀಗೆ ಹತ್ತು ವರ್ಷ. 1928ರ ಫೆಬ್ರವರಿ 28ರ ಶೋಧ ಆ ಸಂಘದ್ದೇ. ಕಾಲು ಶತಮಾನದಿಂದ ಹಣಕ್ಕೆ ಪರದಾಡುತ್ತಾ ಬಂದಿದ್ದ ಸಂಘ 1907ರಲ್ಲಿ ಬಾಗಿಲು ಮುಚ್ಚಿದ್ದರೆ ರಾಮನ್ ಯಾವ ಬಾಗಿಲು ತಟ್ಟುತ್ತಿದ್ದರೋ. ಸಂಘದ ಕೆಲಸ ಅಂದರೆ ಬಹಳ ಮಟ್ಟಿಗೆ ಇಷ್ಟೇ, ಬರಬೇಕಾದವರು ಬರುವ ತನಕ ಬಾಗಿಲು ತೆರೆದಿಟ್ಟಿರುವುದು. ಅದಕ್ಕೆ ಬಾಗಿಲು ತೆರೆಯುವವರ ಸಂಬಳ ಬೇಕು.

ಬೆಂಗಳೂರಿಗೆ ಬಂದ ಮೇಲೆ ರಾಮನ್ 1934ರಲ್ಲಿ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಕಟ್ಟಿದರು. ಅದು ಕೂಡ ಸಂಘವಾಗಿಯೇ ನೋಂದಣಿಯಾಯಿತು, 65 ಜನ ಸ್ಥಾಪಕ ಫೆಲೋಗಳು. ಮೈಸೂರು ಸರ್ಕಾರ ಜಾಗ ಕೊಟ್ಟಿತು. ಆ ಜಾಗದಲ್ಲಿ 1948ರಲ್ಲಿ ರಾಮನ್ ಸಂಶೋಧನಾ ಸಂಸ್ಥೆ ಶುರುವಾಯಿತು. ಸರ್ಕಾರದ ದುಡ್ಡು ಬೇಡ, ದುಡ್ಡಿನ ಜೊತೆ ವರದಿ ಕೇಳುವವರೂ ಬರುತ್ತಾರೆ ಅನ್ನುವುದು ಅವರ ಹಟ. ಖಾಸಗಿ ದೇಣಿಗೆ ಮತ್ತು ಸ್ವಂತ ಸಂಪಾದನೆಯಿಂದಲೇ ಕಡೆಯ ತನಕ ನಡೆಸಿದರು. 1970ರಲ್ಲಿ ಅವರು ತೀರಿಕೊಂಡರು. 1972ರಲ್ಲಿ ಸಂಸ್ಥೆ ಸರ್ಕಾರದ ಅನುದಾನ ಪಡೆಯುವ ಸ್ವಾಯತ್ತ ಸಂಸ್ಥೆಯಾಯಿತು. ರಾಮನ್ನರ ಹಟ ಸರಿಯೋ ತಪ್ಪೋ ಅಂತ ನಮ್ಮ ಕ್ಲಬ್ಬಿನಲ್ಲೇ ಎರಡು ಪಕ್ಷ ಇದೆ. ಒಬ್ಬ ವ್ಯಕ್ತಿಯ ಕೀರ್ತಿಯ ಮೇಲೆ ನಿಂತ ಆದಾಯವನ್ನು ಲೆಕ್ಕದಲ್ಲಿ ಮೀಸಲು ಅಂತ ತೋರಿಸಲಾಗುವುದಿಲ್ಲ ಅನ್ನುವುದರಲ್ಲಿ ಮಾತ್ರ ಜಗಳ ಇಲ್ಲ.

ಮೀಸಲು ಅತಿಯಾಗುವುದೂ ಉಂಟು. ಐದಾರು ವರ್ಷದ ಖರ್ಚಿಗಾಗುವಷ್ಟು ಮುಕ್ತ ಹಣವನ್ನು ಠೇವಣಿ ಇಟ್ಟುಕೊಂಡು, ವಿದ್ಯಾರ್ಥಿಗಳಿಗೆ ಸಮ್ಮೇಳನ ಶುಲ್ಕದಲ್ಲಿ ಬಿಡಿಗಾಸು ಕಡಿಮೆ ಮಾಡದ ಸಂಘಗಳಿಗೆ ಏನು ಹೇಳಬೇಕು? ಠೇವಣಿ ಬೆಳೆಸುವುದೇ ಉದ್ದೇಶ ಆಗಿದ್ದರೆ ಅವರು ಸಹಕಾರಿ ಬ್ಯಾಂಕ್ ತೆರೆಯಬಹುದಿತ್ತು. ಹಾಗಾಗಿ ಮೀಸಲಿಗೆ ಕೆಳಗಿನ ಗೆರೆಯಂತೆ ಮೇಲಿನ ಗೆರೆಯೂ ಇರಬೇಕು. ನಮ್ಮ ಕಲ್ಪನೆಯ ಸಂಘಕ್ಕೆ ಕೆಳಗಿನ ಗೆರೆ ಆರು ತಿಂಗಳು, ಮೇಲಿನದು ಹದಿನೆಂಟು ತಿಂಗಳು ಅಂತ ನಾವು ಇಡುತ್ತೇವೆ. ಕೆಳಗೆ ಇಳಿದರೆ ಹೊಸ ಯೋಜನೆ ನಿಲ್ಲಿಸಿ ಎರಡು ವರ್ಷದಲ್ಲಿ ತುಂಬಬೇಕು. ಮೇಲೆ ಹೋದರೆ ಹೆಚ್ಚಿನದ್ದನ್ನು ಯಾವುದಕ್ಕೆ ಖರ್ಚು ಮಾಡುತ್ತೇವೆ ಅಂತ ಸಭೆಗೆ ಹೇಳಬೇಕು. ಯಾರ ಸಹಿಯಿಂದ ಮೀಸಲು ತೆಗೆಯಬಹುದು ಅನ್ನುವುದನ್ನೂ ಸೇರಿಸಿ ಒಂದೇ ಪುಟದಲ್ಲಿ ಬರೆದಿಟ್ಟರೆ, ಖಜಾಂಚಿ ಬದಲಾದರೂ ನಿಯಮ ಬದಲಾಗುವುದಿಲ್ಲ. ಹಿಂದಿನ ಸಾಲಿನಿಂದ ಶುಲ್ಕ ಯಾಕೆ ಏರಿಸ್ತೀರಿ ಅಂತ ಕೇಳಿದವರಿಗೂ ಆ ಪುಟವನ್ನೇ ತೋರಿಸಬಹುದು.

ಅಭ್ಯಾಸಕ್ಕೆ ಒಂದು ಲೆಕ್ಕ. ಮೇಲಿನ ಸಂಘದಲ್ಲಿ ಗುಮಾಸ್ತರ ಸಂಬಳ 20 ಸಾವಿರದಿಂದ 25 ಸಾವಿರಕ್ಕೆ ಏರಿತು. ಪತ್ರಿಕೆಯನ್ನು ಬಹುಪಾಲು ಆನ್‌ಲೈನ್ ಮಾಡಿ ವರ್ಷಕ್ಕೆ 1 ಲಕ್ಷ 20 ಸಾವಿರ ಉಳಿಸಿದರು. ಹತ್ತು ಜನ ತಲಾ 5000 ಕಟ್ಟಿ ಆಜೀವ ಸದಸ್ಯರಾದರು. ಉಳಿದದ್ದೆಲ್ಲ ಹಾಗೇ ಇದೆ. ಈಗ ಮುಕ್ತ ಮೀಸಲು ಎಷ್ಟು ತಿಂಗಳಿಗೆ ಸಾಕು? ಆರೂವರೆಗಿಂತ ಸ್ವಲ್ಪ ಹೆಚ್ಚು ಬಂದರೆ ಸರಿಯಾಗಿದೆ. ಏಳೂಮುಕ್ಕಾಲು ಬಂದಿದ್ದರೆ ಆ ಹತ್ತು ಜನರ 50 ಸಾವಿರವನ್ನು ಎಲ್ಲಿ ಸೇರಿಸಿದಿರಿ ಅಂತ ಇನ್ನೊಮ್ಮೆ ನೋಡಿ.